ವಿದೇಶಕ್ಕೆ ಮಾಲು ಕಳಿಸೋ ಮೊದಲು: ನಿಮ್ಮ ಬ್ರ್ಯಾಂಡ್ ಹೆಸರು ಅಲ್ಲಿ ಯಾರದ್ದು?

ದಾಳಿಂಬೆ, ಈರುಳ್ಳಿ, ತೆಂಗು, ಸಾಮೆ, ನವಣೆ. ಹಿರಿಯೂರು, ಹೊಸದುರ್ಗ ಕಡೆಯ ಈ ಮಾಲೆಲ್ಲ ಇಷ್ಟು ವರ್ಷ ಹೆಸರಿಲ್ಲದೆ ಊರು ಬಿಡ್ತಿತ್ತು. ಮೂಟೆ ಮೇಲೆ ಇರ್ತಿದ್ದದ್ದು ಮಂಡಿಯವರ ಗುರುತು, ನಮ್ಮದಲ್ಲ. ಈಗ ಹಂಗಿಲ್ಲ. ಎಫ್‌ಪಿಒಗಳು ನವಣೆ ಅಕ್ಕಿ, ಸಾಮೆ ಹಿಟ್ಟು, ಗಾಣದ ಎಣ್ಣೆ ಅಂತ ಸ್ವಂತ ಪ್ಯಾಕೆಟ್ ಮಾಡ್ತಿವೆ. ಹುಡುಗರು ಇನ್‌ಸ್ಟಾಗ್ರಾಮಲ್ಲಿ ಒಂದು ಪೇಜ್ ತೆಗೆದು, ಒಂದು ಹೆಸರಿಟ್ಟು, ಒಂದು ಲೋಗೋ ಮಾಡಿಸ್ತಾರೆ. ಸ್ವಲ್ಪ ದಿನದಲ್ಲೇ ದುಬೈಯಿಂದಲೋ ಸಿಂಗಾಪುರದಿಂದಲೋ ಒಂದು ಮೆಸೇಜ್ ಬರುತ್ತೆ: "ನಿಮ್ಮ ಬ್ರ್ಯಾಂಡಲ್ಲೇ ಮಾಲು ಕಳಿಸಿ, ಇಲ್ಲಿ ಮಾರಾಟ ನಾನು ನೋಡ್ಕೋತೀನಿ."

ಖುಷಿಯ ವಿಷಯವೇ. ಆದರೆ ಹ್ಞೂಂ ಅನ್ನೋ ಮೊದಲು ಒಂದು ಪ್ರಶ್ನೆ ಕೇಳ್ಕೊಳ್ಳಿ. ಆ ದೇಶದಲ್ಲಿ ನಿಮ್ಮ ಹೆಸರು ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆ? ಯಾರ ಹೆಸರಲ್ಲೂ ಇಲ್ಲ ಅಂದ್ರೆ ಯಾರು ಬೇಕಾದ್ರೂ ಮಾಡಿಸ್ಕೋಬಹುದು. ನಿಮ್ಮ ಮಾಲು ತರಿಸ್ಕೊಳ್ಳೋ ಆ ಖರೀದಿದಾರನೂ ಮಾಡಿಸ್ಕೋಬಹುದು. ಆಮೇಲೆ ಅಲ್ಲಿಗೆ ಬೇರೆಯವರ ಮೂಲಕ ಮಾಲು ಕಳಿಸೋಕೆ ಹೊರಟರೆ, ನಿಮ್ಮ ಹೆಸರಿಗೆ ನೀವೇ ಅವನ ಹತ್ರ ಅನುಮತಿ ಕೇಳೋ ಪರಿಸ್ಥಿತಿ ಬರುತ್ತೆ.

ಈ ವಾರ ಅದನ್ನ ತಡೆಯೋ ದಾರಿ, ಖರ್ಚು ಮತ್ತು ಹೆಜ್ಜೆಗಳನ್ನ ನೋಡೋಣ.

ಹೆಸರಿನ ಹಕ್ಕು ಗಡಿ ದಾಟಲ್ಲ

ಟ್ರೇಡ್‌ಮಾರ್ಕ್ ಒಂಥರಾ ಜಮೀನಿನ ಪಹಣಿ ಇದ್ದ ಹಾಗೆ. ಯಾವ ಸರ್ವೆ ನಂಬರಿಗೆ ಪಹಣಿ ಇದೆಯೋ ಆ ಜಮೀನಿಗೆ ಮಾತ್ರ ಹಕ್ಕು. ಭಾರತದಲ್ಲಿ ರಿಜಿಸ್ಟರ್ ಆದ ಹೆಸರಿಗೆ ಭಾರತದಲ್ಲಿ ಮಾತ್ರ ರಕ್ಷಣೆ. "ನಮ್ದು ರಿಜಿಸ್ಟರ್ಡ್ ಬ್ರ್ಯಾಂಡ್" ಅಂತ ದುಬೈಯಲ್ಲಿ ನಮ್ಮ ಸರ್ಟಿಫಿಕೇಟ್ ತೋರಿಸಿದ್ರೆ, ಅಲ್ಲಿನ ಕಚೇರಿಗೆ ಅದು ಬೇರೆ ತಾಲ್ಲೂಕಿನ ಪಹಣಿ.

ದೊಡ್ಡ ಕಂಪನಿಗಳಿಗೂ ಇದೇ ನಿಯಮ. ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇರೋ ಟೊಯೋಟಾ ಕಂಪನಿ ಜಪಾನಲ್ಲಿ 1997ರಲ್ಲಿ 'ಪ್ರಿಯಸ್' ಅನ್ನೋ ಕಾರು ಬಿಟ್ಟಿತು. ಭಾರತದಲ್ಲಿ ಮಾತ್ರ ಆ ಹೆಸರನ್ನ ಆಗಲೇ ರಿಜಿಸ್ಟರ್ ಮಾಡಿಸಲಿಲ್ಲ. ಇಲ್ಲಿನ ಒಂದು ಬಿಡಿಭಾಗ ಕಂಪನಿ ಅದೇ ಹೆಸರನ್ನ 2002ರಲ್ಲಿ ತನ್ನ ಹೆಸರಿಗೆ ಮಾಡಿಸ್ಕೊಂಡಿತು. ಟೊಯೋಟಾ ಕೋರ್ಟಿಗೆ ಹೋಯಿತು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಟೊಯೋಟಾ ಪರವಾಗಿ ಬರಲಿಲ್ಲ. ಹೊರದೇಶದಲ್ಲಿ ಹೆಸರು ಮಾಡಿದ್ರೆ ಸಾಲದು, ಆ ಕಾಲಕ್ಕೆ ಭಾರತದ ಗ್ರಾಹಕರಿಗೂ ಆ ಹೆಸರು ಪರಿಚಿತವಾಗಿತ್ತು ಅಂತ ತೋರಿಸಬೇಕು ಅನ್ನೋದು ಅದರ ಸಾರ. ಟೊಯೋಟಾಗೆ ಇಲ್ಲಿ ಆಗದ್ದು ನಮ್ಮ ಎಫ್‌ಪಿಒಗೆ ಅಲ್ಲಿ ಆಗುತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ.

"ನಾನೇ ಮೊದಲು ಬಳಸಿದ್ದು" ಅನ್ನೋ ಮಾತು ಎಲ್ಲ ಕಡೆ ನಡೆಯಲ್ಲ

ಭಾರತದಲ್ಲಿ ಮೊದಲು ಬಳಸಿದವರಿಗೆ ಕಾನೂನು ಬೆಲೆ ಕೊಡುತ್ತೆ. ನೀವು ಹತ್ತು ವರ್ಷದಿಂದ ಒಂದು ಹೆಸರಲ್ಲಿ ಮಾರ್ತಾ ಇದ್ದು, ನಿನ್ನೆ ಇನ್ನೊಬ್ಬ ಅದನ್ನ ರಿಜಿಸ್ಟರ್ ಮಾಡಿಸಿದ್ರೆ, ಹಳೇ ಬಿಲ್ಲು ತೋರಿಸಿ ಹೋರಾಡಬಹುದು. ಚೀನಾ, ಯುರೋಪಿನ ಬಹುತೇಕ ದೇಶಗಳು, ಕೊಲ್ಲಿ ದೇಶಗಳಲ್ಲಿ ಮುಖ್ಯವಾಗಿ ನೋಡೋದು ಮೊದಲು ಅರ್ಜಿ ಹಾಕಿದವರು ಯಾರು ಅಂತ. ಅಲ್ಲೂ ಹೋರಾಟಕ್ಕೆ ದಾರಿ ಇದೆ. ಆದರೆ ವಕೀಲರ ಫೀ ಆ ದೇಶದ ದುಡ್ಡಲ್ಲಿ ಕೊಡಬೇಕು.

ಬೆಳೆಯ ಹೆಸರೇ ಕೈತಪ್ಪಿದ ಉದಾಹರಣೆ ದಕ್ಷಿಣ ಆಫ್ರಿಕಾದಲ್ಲಿದೆ. ಅಲ್ಲಿನ ರೈತರು 'ರೂಯಿಬೋಸ್' ಅನ್ನೋ ಪೊದೆ ಬೆಳೀತಾರೆ. ಅದರ ಎಲೆಯಿಂದ ಕೆಂಪು ಚಹಾ ಮಾಡ್ತಾರೆ. 1994ರಲ್ಲಿ ಈ ಹೆಸರು ಅಮೆರಿಕದಲ್ಲಿ ಒಂದು ಕಂಪನಿಯ ಟ್ರೇಡ್‌ಮಾರ್ಕ್ ಆಯಿತು, ಆಮೇಲೆ ಅಲ್ಲಿನ ಒಬ್ಬ ವಿತರಕರ ಕೈ ಸೇರಿತು. ಬೆಳೆದವರು ತಮ್ಮದೇ ಬೆಳೆಯ ಹೆಸರು ಹಾಕಿ ಅಮೆರಿಕದಲ್ಲಿ ಮಾರೋಕೆ ಅಡ್ಡಿ ಬಂತು. ವ್ಯಾಜ್ಯ ಮುಗಿದು ಹೆಸರು ಎಲ್ಲರಿಗೂ ಸಿಕ್ಕಿದ್ದು 2005ರಲ್ಲಿ.

ಯಾರಿಗೆ ಬೇಕು, ಯಾರಿಗೆ ಬೇಡ

ಎಲ್ಲರೂ ಓಡಿಹೋಗಿ ದುಡ್ಡು ಕಟ್ಟೋ ಅಗತ್ಯ ಇಲ್ಲ. ನಿಮ್ಮ ದಾಳಿಂಬೆಯನ್ನ ರಫ್ತುದಾರರು ತೋಟದಲ್ಲೇ ಖರೀದಿ ಮಾಡಿ, ಅವರ ಬಾಕ್ಸಲ್ಲಿ, ಅವರ ಸ್ಟಿಕ್ಕರ್ ಅಂಟಿಸಿ ಕಳಿಸ್ತಾರೆ ಅಂದ್ರೆ ನಿಮಗೆ ವಿದೇಶಿ ಟ್ರೇಡ್‌ಮಾರ್ಕ್ ಬೇಡ. ನಿಮ್ಮ ಹೆಸರು ಗಡಿ ದಾಟ್ತಾನೇ ಇಲ್ಲ. ಆ ದುಡ್ಡನ್ನ ಗ್ರೇಡಿಂಗ್‌ಗೋ ಕೋಲ್ಡ್ ಸ್ಟೋರೇಜ್‌ಗೋ ಹಾಕಿ.

ಬೇಕಾಗೋದು ಈ ಮೂರು ಸಂದರ್ಭದಲ್ಲಿ:

- ನಿಮ್ಮದೇ ಲೇಬಲ್ ಇರೋ ಪ್ಯಾಕೆಟ್ ಇನ್ನೊಂದು ದೇಶದ ಅಂಗಡಿಗೋ ಆನ್‌ಲೈನ್ ಮಾರುಕಟ್ಟೆಗೋ ಹೋಗ್ತಿದ್ರೆ.
- ಒಬ್ಬ ವಿತರಕನ ಜೊತೆ ಮಾತುಕತೆ ನಡೀತಿದ್ದು, ಆರೇಳು ತಿಂಗಳಲ್ಲಿ ಮೊದಲ ಲೋಡ್ ಹೋಗೋ ಹಾಗಿದ್ರೆ.
- ನಿಮ್ಮ ಲೇಬಲ್ಲನ್ನ ವಿದೇಶದಲ್ಲೇ ಪ್ರಿಂಟ್ ಮಾಡಿ ಅಲ್ಲೇ ಪ್ಯಾಕ್ ಮಾಡ್ತಿದ್ರೆ.

ಮೊದಲ ಕೆಲಸ ಭಾರತದಲ್ಲೇ

ನಾವು ಹೋಗಬಹುದಾದ ಸುಲಭದ ದಾರಿ ಭಾರತದ ಅರ್ಜಿಯ ಮೇಲೆಯೇ ನಿಂತಿದೆ. ಅದಕ್ಕೇ ಬುನಾದಿ ಗಟ್ಟಿ ಇರಬೇಕು.

ಹೆಸರಿನ ಆಯ್ಕೆ: 'ಶುದ್ಧ ನವಣೆ', 'ಆರ್ಗ್ಯಾನಿಕ್ ಫಾರ್ಮ್ ಫ್ರೆಶ್' ಥರದ ಹೆಸರು ಮಾಲಿನ ಗುಣ ಹೇಳುತ್ತೆ ಅಷ್ಟೇ. ಇಂಥವನ್ನ ಇಲ್ಲೂ ತಿರಸ್ಕರಿಸ್ತಾರೆ, ಅಲ್ಲೂ ತಿರಸ್ಕರಿಸ್ತಾರೆ. ಊರಿನ ಹೆಸರು, ನದಿಯ ಹೆಸರು ಕೂಡ ದುರ್ಬಲ. ಮಾಲಿಗೆ ಸಂಬಂಧವೇ ಇಲ್ಲದ ಪದ ಅಥವಾ ನೀವೇ ಹುಟ್ಟಿಸಿದ ಪದ ಗಟ್ಟಿ. ಸುಮ್ಮನೆ ಉದಾಹರಣೆಗೆ, ನವಣೆ ಹಿಟ್ಟಿಗೆ 'ಮಳೆಬಿಲ್ಲು' ಅಂತ ಇಟ್ಟರೆ ಅದು ಹಿಟ್ಟಿನ ಬಗ್ಗೆ ಏನೂ ಹೇಳಲ್ಲ, ಹಂಗಾಗಿ ಟ್ರೇಡ್‌ಮಾರ್ಕ್ ಆಗೋ ಸಾಧ್ಯತೆ ಜಾಸ್ತಿ. ಅದೇ ಪದಕ್ಕೆ ಹೋಗಬೇಕಾದ ದೇಶದ ಭಾಷೆಯಲ್ಲಿ ಕೆಟ್ಟ ಅರ್ಥ ಇದೆಯಾ ಅಂತಲೂ ಅಲ್ಲಿರೋ ನಮ್ಮವರನ್ನ ಕೇಳಿ.

ಹುಡುಕಾಟ: ಇದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಭಾರತದ ಟ್ರೇಡ್‌ಮಾರ್ಕ್ ಕಚೇರಿಯ ವೆಬ್‌ಸೈಟಲ್ಲಿ ಪಬ್ಲಿಕ್ ಸರ್ಚ್ ಇದೆ. ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆ ವೈಪೋ ನಡೆಸೋ 'ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್'ನಲ್ಲಿ ಹಲವು ದೇಶಗಳ ಮಾರ್ಕುಗಳನ್ನ ಒಟ್ಟಿಗೆ ಹುಡುಕಬಹುದು. ಯಲ್ಲದಕೆರೆಯಲ್ಲಿ ಕೂತು ಮೊಬೈಲಲ್ಲೇ ಆಗೋ ಕೆಲಸ. ನಿಮ್ಮ ಹೆಸರಿನ ಮೂರ್ನಾಲ್ಕು ಸ್ಪೆಲ್ಲಿಂಗ್ ಹಾಕಿ ನೋಡಿ. ಕಚೇರಿಯವರು ಕೇಳೋಕೆ ಒಂದೇ ಥರ ಇರೋ ಹೆಸರನ್ನೂ ಗಮನಿಸ್ತಾರೆ.

ವರ್ಗ: ಎಲ್ಲ ಸರಕನ್ನ ವರ್ಗ ಮಾಡಿದ್ದಾರೆ. ತಾಜಾ ಹಣ್ಣು, ತರಕಾರಿ, ಸಂಸ್ಕರಿಸದ ಧಾನ್ಯ, ಬಿತ್ತನೆ ಬೀಜ 31ನೇ ವರ್ಗ. ಹಿಟ್ಟು, ಅಕ್ಕಿ, ಬೆಲ್ಲ, ಮಸಾಲೆ, ಕಾಫಿ 30ನೇ ವರ್ಗ. ಖಾದ್ಯ ಎಣ್ಣೆ, ಒಣಗಿಸಿದ ಹಣ್ಣು, ಹಾಲಿನ ಪದಾರ್ಥ 29. ಹಣ್ಣಿನ ರಸ 32. ತಾಜಾ ದಾಳಿಂಬೆಗೆ ಮಾಡಿಸಿದ ಮಾರ್ಕು ದಾಳಿಂಬೆ ಜ್ಯೂಸಿಗೆ ತಾನಾಗಿಯೇ ಅನ್ವಯಿಸಲ್ಲ. ಒಂದೊಂದು ವರ್ಗಕ್ಕೂ ಶುಲ್ಕ ಬೇರೆ.

ಶುಲ್ಕ: ಆನ್‌ಲೈನಲ್ಲಿ ಟಿಎಂ-ಎ ಫಾರಂ ಹಾಕಿದ್ರೆ ಒಬ್ಬ ವ್ಯಕ್ತಿಗೆ, ಸ್ಟಾರ್ಟ್‌ಅಪ್‌ಗೆ, ಸಣ್ಣ ಉದ್ಯಮಕ್ಕೆ ವರ್ಗವೊಂದಕ್ಕೆ 4,500 ರೂಪಾಯಿ. ಉಳಿದವರಿಗೆ 9,000. ಎಫ್‌ಪಿಒ ಕಂಪನಿಯಾಗಿದ್ರೆ ಸಣ್ಣ ಉದ್ಯಮ ಅನ್ನೋಕೆ ದಾಖಲೆ ಬೇಕು, ಉದ್ಯಮ್ ನೋಂದಣಿ ಇಟ್ಕೊಳ್ಳಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಬೇರೆಯವರು ಆಕ್ಷೇಪಣೆ ಹಾಕಬಹುದು. ರಿಜಿಸ್ಟರ್ ಆದ್ರೆ 10 ವರ್ಷ, ಆಮೇಲೆ ನವೀಕರಣ.

ಅರ್ಜಿದಾರ ಯಾರು: ಇದನ್ನ ಮಾತ್ರ ಅವಸರದಲ್ಲಿ ಬರೀಬೇಡಿ. ಎಫ್‌ಪಿಒ ಬ್ರ್ಯಾಂಡ್ ಆಗಿದ್ರೆ ಅರ್ಜಿ ಎಫ್‌ಪಿಒ ಹೆಸರಲ್ಲೇ ಇರಲಿ. ಅಧ್ಯಕ್ಷರ ಹೆಸರಲ್ಲೋ, ಓಡಾಡಿದ ಹುಡುಗನ ಹೆಸರಲ್ಲೋ ಹಾಕಿಸಿದ್ರೆ ನಾಳೆ ಅವರು ಬಿಟ್ಟು ಹೋದಾಗ ಹೆಸರೂ ಹೋಗುತ್ತೆ. ವಿದೇಶಿ ಅರ್ಜಿಯಲ್ಲೂ ಅದೇ ಅರ್ಜಿದಾರ ಇರಬೇಕು.

ಮ್ಯಾಡ್ರಿಡ್ ದಾರಿ: ಒಂದೇ ಅರ್ಜಿ, ಹಲವು ದೇಶ

ಮ್ಯಾಡ್ರಿಡ್ ಪ್ರೋಟೋಕಾಲ್ ಅನ್ನೋದು ಒಂದು ಅಂತರರಾಷ್ಟ್ರೀಯ ಒಪ್ಪಂದ. ಭಾರತ ಇದಕ್ಕೆ ಸೇರಿದ್ದು 2013ರ ಜುಲೈ 8ಕ್ಕೆ. 130ಕ್ಕೂ ಹೆಚ್ಚು ದೇಶಗಳು ಇದರ ವ್ಯಾಪ್ತಿಯಲ್ಲಿವೆ. ಅಮೆರಿಕ, ಬ್ರಿಟನ್, ಸಿಂಗಾಪುರ, ಆಸ್ಟ್ರೇಲಿಯಾ ಇವೆ. ಮಲೇಷ್ಯಾ 2019ರ ಕೊನೆಯಲ್ಲಿ, ದುಬೈ ಇರೋ ಯುಎಇ 2021ರ ಕೊನೆಯಲ್ಲಿ ಸೇರಿದವು. ಯುರೋಪಿಯನ್ ಒಕ್ಕೂಟವನ್ನ ಒಂದೇ ಆಯ್ಕೆಯಾಗಿ ಟಿಕ್ ಮಾಡಿದ್ರೆ 27 ದೇಶಕ್ಕೂ ಒಟ್ಟಿಗೆ ಆಗುತ್ತೆ. ಕೊಲ್ಲಿ ದೇಶಗಳಿಗೆ ಹಂಗಿಲ್ಲ. ಯುಎಇಯಲ್ಲಿ ಆಯ್ತು ಅಂದ್ರೆ ಒಮಾನಲ್ಲೂ ಆಯ್ತು ಅಂತಲ್ಲ, ಅದನ್ನ ಬೇರೆ ಟಿಕ್ ಮಾಡಬೇಕು.

ನಡೆಯೋ ಕ್ರಮ ಹೀಗಿದೆ:

1. ಭಾರತದಲ್ಲಿ ಅರ್ಜಿ ಹಾಕಿ ನಂಬರ್ ಪಡೀರಿ. ರಿಜಿಸ್ಟರ್ ಆಗೋವರೆಗೆ ಕಾಯಲೇಬೇಕು ಅಂತಿಲ್ಲ.
2. ಭಾರತದ ಕಚೇರಿ ಮೂಲಕವೇ ಎಂಎಂ-2 ಫಾರಂ ಆನ್‌ಲೈನಲ್ಲಿ ತುಂಬಿ, ದೇಶಗಳನ್ನ ಆರಿಸಿ. ನಮ್ಮ ಕಚೇರಿಯ ಶುಲ್ಕ 5,000 ರೂಪಾಯಿ.
3. ಎರಡೂ ಅರ್ಜಿಯಲ್ಲಿ ಹೆಸರು, ಲೋಗೋ, ಮಾಲು ತಾಳೆ ಆಗುತ್ತಾ ನೋಡಿ ನಮ್ಮ ಕಚೇರಿ ಅದನ್ನ ಜಿನೀವಾದ ವೈಪೋಗೆ ಕಳಿಸುತ್ತೆ.
4. ವೈಪೋ ಅಂತರರಾಷ್ಟ್ರೀಯ ಪುಸ್ತಕದಲ್ಲಿ ದಾಖಲಿಸಿ ಆಯಾ ದೇಶಕ್ಕೆ ತಿಳಿಸುತ್ತೆ.
5. ಪ್ರತಿ ದೇಶವೂ ತನ್ನ ಕಾನೂನಿನ ಪ್ರಕಾರ ಪರಿಶೀಲಿಸುತ್ತೆ. ಬೇಡ ಅನ್ನೋದಿದ್ರೆ 12 ಇಲ್ಲವೇ 18 ತಿಂಗಳ ಒಳಗೆ ಹೇಳಬೇಕು.

ನಾಲ್ಕನೇ ಹೆಜ್ಜೆಗೇ "ಇಂಟರ್‌ನ್ಯಾಷನಲ್ ರಿಜಿಸ್ಟ್ರೇಷನ್" ಅಂತ ಒಂದು ಸರ್ಟಿಫಿಕೇಟ್ ಬರುತ್ತೆ. ಅದನ್ನ ಸ್ಟೇಟಸ್‌ಗೆ ಹಾಕಿ ಸಿಹಿ ಹಂಚಬೇಡಿ. ಅದು ಪ್ರಪಂಚಕ್ಕೆಲ್ಲ ಹಕ್ಕು ಕೊಡಲ್ಲ. ನೀವು ಟಿಕ್ ಮಾಡಿದ ದೇಶ ಒಪ್ಪಿದ ಮೇಲೆಯೇ ಅಲ್ಲಿ ಗಟ್ಟಿ.

ಖರ್ಚಿನ ಲೆಕ್ಕ

ವೈಪೋಗೆ ಕಟ್ಟೋದು ಸ್ವಿಸ್ ಫ್ರಾಂಕ್‌ನಲ್ಲಿ. ಮಾರ್ಕು ಕಪ್ಪು-ಬಿಳುಪಲ್ಲಿದ್ರೆ ಮೂಲ ಶುಲ್ಕ 653 ಫ್ರಾಂಕ್, ಬಣ್ಣದಲ್ಲಿದ್ರೆ 903. ಲೆಕ್ಕಕ್ಕೆ ಒಂದು ಫ್ರಾಂಕ್ ನೂರು ರೂಪಾಯಿ ಅಂತ ಹಿಡಿದ್ರೂ ಬಣ್ಣಕ್ಕೆ 25,000 ಜಾಸ್ತಿ. ಅದಕ್ಕೇ ಭಾರತದ ಅರ್ಜಿಯನ್ನೇ ಕಪ್ಪು-ಬಿಳುಪಲ್ಲಿ ಹಾಕೋದು ಒಳ್ಳೇದು.

ಇದರ ಮೇಲೆ ಪ್ರತಿ ದೇಶಕ್ಕೆ ಶುಲ್ಕ. ಕೆಲವು ದೇಶಕ್ಕೆ 100 ಫ್ರಾಂಕ್ ಸಾಕು. ಅಮೆರಿಕ, ಬ್ರಿಟನ್, ಸಿಂಗಾಪುರದಂಥ ದೇಶಗಳು ತಮ್ಮದೇ ಬೇರೆ ದರ ಇಟ್ಟಿವೆ, ಅದೂ ವರ್ಗಕ್ಕಿಷ್ಟು ಅಂತ. ವೈಪೋ ಸೈಟಲ್ಲಿ ಫೀ ಕ್ಯಾಲ್ಕ್ಯುಲೇಟರ್ ಇದೆ. ದೇಶ, ವರ್ಗ ಹಾಕಿದ್ರೆ ಇವತ್ತಿನ ಲೆಕ್ಕ ಬರುತ್ತೆ. ಕನ್ಸಲ್ಟೆಂಟ್ ಹತ್ರ ಹೋಗೋ ಮೊದಲು ಅದನ್ನ ನೋಡ್ಕೊಂಡು ಹೋಗಿ. ಸರ್ಕಾರಿ ಶುಲ್ಕ ಎಷ್ಟು, ಅವರ ಫೀ ಎಷ್ಟು ಅಂತ ಬೇರೆ ಬೇರೆ ಬರೆದು ಕೊಡಿ ಅಂತ ಕೇಳೋಕೆ ಆಗುತ್ತೆ.

ಕಾಣದ ಖರ್ಚು ಇನ್ನೊಂದಿದೆ. ಯಾವುದಾದ್ರೂ ದೇಶ ಆಕ್ಷೇಪಣೆ ಎತ್ತಿದ್ರೆ ಸಾಮಾನ್ಯವಾಗಿ ಆ ದೇಶದ ವಕೀಲರನ್ನೇ ಹಿಡಿಯಬೇಕಾಗುತ್ತೆ. ಹೆಸರು ಗಟ್ಟಿ ಇದ್ದು, ಮೊದಲೇ ಹುಡುಕಿದ್ರೆ ಈ ಖರ್ಚು ತಪ್ಪೋ ಸಾಧ್ಯತೆ ಹೆಚ್ಚು.

ಒಂದೇ ದೇಶಕ್ಕೆ ಹೋಗೋದಿದ್ರೆ ಅಲ್ಲಿನ ಏಜೆಂಟ್ ಮೂಲಕ ನೇರ ಅರ್ಜಿ ಹಾಕಿದ್ರೂ ಆಗುತ್ತೆ, ಕೆಲವು ಸಲ ಅದೇ ಅಗ್ಗ. ನೇಪಾಳ, ಬಾಂಗ್ಲಾದೇಶದಂಥ ಮ್ಯಾಡ್ರಿಡ್ ಸೇರದ ದೇಶಗಳಿಗಂತೂ ಇದೊಂದೇ ದಾರಿ.

ಆರು ತಿಂಗಳು ಮತ್ತು ಐದು ವರ್ಷ

ಈ ಎರಡು ಅವಧಿ ನೆನಪಲ್ಲಿರಲಿ.

ಭಾರತದಲ್ಲಿ ಅರ್ಜಿ ಹಾಕಿದ ಆರು ತಿಂಗಳ ಒಳಗೆ ವಿದೇಶದಲ್ಲಿ ಅರ್ಜಿ ಹಾಕಿದ್ರೆ, ಅಲ್ಲೂ ನಿಮ್ಮ ಭಾರತದ ದಿನಾಂಕವನ್ನೇ ಲೆಕ್ಕಕ್ಕೆ ತಗೋತಾರೆ. ಮಧ್ಯದಲ್ಲಿ ಯಾರಾದ್ರೂ ಅದೇ ಹೆಸರಿಗೆ ಅಲ್ಲಿ ಅರ್ಜಿ ಹಾಕಿದ್ದರೂ ನೀವೇ ಮುಂದೆ.

ಐದು ವರ್ಷದ್ದು ಅಪಾಯದ ವಿಷಯ. ಅಂತರರಾಷ್ಟ್ರೀಯ ರಿಜಿಸ್ಟ್ರೇಷನ್ ಆದ ಮೊದಲ ಐದು ವರ್ಷ ಅದು ಭಾರತದ ಅರ್ಜಿಗೆ ಅಂಟ್ಕೊಂಡಿರುತ್ತೆ. ಇಲ್ಲಿನ ಅರ್ಜಿ ಬಿದ್ದುಹೋದ್ರೆ ಅಲ್ಲಿಯ ಎಲ್ಲ ದೇಶದ್ದೂ ಬೀಳುತ್ತೆ. ಬೇರು ಕೊಳೆತರೆ ಕೊಂಬೆ ಉಳಿಯಲ್ವಲ್ಲ, ಹಾಗೆ. ಬಿದ್ದ ಮೂರು ತಿಂಗಳ ಒಳಗೆ ಒಂದೊಂದು ದೇಶದಲ್ಲೂ ಹೊಸ ಶುಲ್ಕ ಕಟ್ಟಿ ಹಳೇ ದಿನಾಂಕ ಉಳಿಸ್ಕೋಬಹುದು. ಆದರೆ ಖರ್ಚು ಎರಡು ಪಟ್ಟು.

ಹಂಗಾದ್ರೆ ಯಾವಾಗ ಹಾಕೋದು? ಮಾಲು ಬೇಗ ಹೋಗೋದಿದ್ರೆ ಆರು ತಿಂಗಳ ಒಳಗೇ ಹಾಕಿ. ರಫ್ತು ಇನ್ನೂ ಯೋಚನೆಯಲ್ಲಷ್ಟೇ ಇದ್ರೆ ಭಾರತದಲ್ಲಿ ರಿಜಿಸ್ಟರ್ ಆಗೋವರೆಗೆ ಕಾದು ಹಾಕೋದು ಕ್ಷೇಮ.

ಕನ್ನಡ ಅಕ್ಷರದ ತೊಡಕು

ನಮ್ಮಲ್ಲಿ ಬಹಳ ಜನ ಲೋಗೋವನ್ನ ಚಂದದ ಕನ್ನಡ ಅಕ್ಷರದಲ್ಲಿ ಮಾಡಿಸ್ತಾರೆ, ಅದನ್ನೇ ರಿಜಿಸ್ಟರ್ ಮಾಡಿಸ್ತಾರೆ. ಒಳ್ಳೇದೇ. ಆದರೆ ಮ್ಯಾಡ್ರಿಡ್ ಅರ್ಜಿಯಲ್ಲಿ ಭಾರತದಲ್ಲಿ ಹಾಕಿದ ಮಾರ್ಕೇ ಇರಬೇಕು. ವಿದೇಶಿ ಪ್ಯಾಕೆಟಲ್ಲಿ ಇಂಗ್ಲಿಷ್ ಅಕ್ಷರ ಹಾಕೋದಾದ್ರೆ ಕನ್ನಡ ಲೋಗೋದ ರಿಜಿಸ್ಟ್ರೇಷನ್ ಅದಕ್ಕೆ ಪೂರ್ತಿ ರಕ್ಷಣೆ ಕೊಡಲ್ಲ. ದುಡ್ಡು ಒಂದೇ ಅರ್ಜಿಗೆ ಇದ್ರೆ, ರಫ್ತಿನ ಪ್ಯಾಕೆಟಲ್ಲಿ ಯಾವ ಅಕ್ಷರ ಇರುತ್ತೋ ಅದರಲ್ಲಿ ಬರೀ ಹೆಸರನ್ನ, ಅಲಂಕಾರ ಇಲ್ಲದೆ ಹಾಕಿ. ಲೋಗೋ ನಾಳೆ ಬದಲಾದ್ರೂ ಹೆಸರಿನ ಹಕ್ಕು ಉಳಿಯುತ್ತೆ.

ಇನ್ನೊಂದು: ವೃತ್ತದೊಳಗೆ ಆರ್ ಅಕ್ಷರ ಇರೋ ಗುರುತನ್ನ ರಿಜಿಸ್ಟರ್ ಆಗೋ ಮೊದಲು ಭಾರತದಲ್ಲಿ ಹಾಕೋ ಹಾಗಿಲ್ಲ. ರಿಜಿಸ್ಟರ್ ಆಗದ ದೇಶಕ್ಕೆ ಹೋಗೋ ಲೇಬಲ್ ಮೇಲೂ ಹಾಕಬೇಡಿ, ಕೆಲವು ದೇಶದಲ್ಲಿ ಅದು ಅಪರಾಧ. ಅಲ್ಲಿವರೆಗೆ ಟಿಎಂ ಗುರುತು ಸಾಕು.

ವಿತರಕನ ಜೊತೆ ಬರವಣಿಗೆ

ವಿತರಕ ಒಳ್ಳೆಯವನೇ ಇರಬಹುದು. "ಸಾರ್, ನಿಮಗ್ಯಾಕೆ ತೊಂದರೆ, ಇಲ್ಲಿ ನಾನೇ ನನ್ನ ಹೆಸರಲ್ಲಿ ರಿಜಿಸ್ಟರ್ ಮಾಡಿಸ್ತೀನಿ" ಅಂದ್ರೆ ಮಾತ್ರ ನಯವಾಗಿ ಬೇಡ ಅನ್ನಿ. ಖರ್ಚು ಅವನು ಹಾಕಿದ್ರೂ ಪರವಾಗಿಲ್ಲ, ಹೆಸರು ನಿಮ್ಮದೇ ಇರಬೇಕು.

ಏಜೆಂಟ್ ಒಬ್ಬ ಮಾಲೀಕನ ಒಪ್ಪಿಗೆ ಇಲ್ಲದೆ ತನ್ನ ಹೆಸರಿಗೆ ಮಾರ್ಕು ಮಾಡಿಸ್ಕೊಂಡರೆ ಅದನ್ನ ವಿರೋಧಿಸೋಕೆ, ರದ್ದು ಮಾಡಿಸೋಕೆ ಪ್ಯಾರಿಸ್ ಒಪ್ಪಂದದಲ್ಲಿ ಅವಕಾಶ ಇದೆ. ಭಾರತ 1998ರಿಂದ ಅದರ ಸದಸ್ಯ. ಆದರೆ ಅವನು ನಿಮ್ಮ ಏಜೆಂಟ್ ಅಂತ ತೋರಿಸೋಕೆ ಕಾಗದ ಬೇಕು. ಬರೀ ವಾಟ್ಸಾಪ್ ಆರ್ಡರ್ ಇದ್ರೆ "ನಾನು ಬರೀ ಖರೀದಿದಾರ" ಅಂತ ಅವನು ಜಾರ್ಕೋಬಹುದು. ಹಾಗಾಗಿ ಒಪ್ಪಂದದಲ್ಲಿ ಮೂರು ಸಾಲು ಇರಲಿ: ಬ್ರ್ಯಾಂಡ್ ಹೆಸರು, ಲೋಗೋದ ಮಾಲೀಕರು ನಾವು. ವಿತರಕರು ಅದನ್ನಾಗಲಿ ಅದಕ್ಕೆ ಹೋಲುವ ಹೆಸರನ್ನಾಗಲಿ ಎಲ್ಲೂ ರಿಜಿಸ್ಟರ್ ಮಾಡಿಸಬಾರದು, ವೆಬ್‌ಸೈಟ್ ಮತ್ತು ಸೋಷಿಯಲ್ ಮೀಡಿಯಾ ಪೇಜ್ ಕೂಡ ಸೇರಿ. ಒಪ್ಪಂದ ಮುಗಿದ ದಿನ ಬಳಕೆ ನಿಲ್ಲಬೇಕು.

ಸೋಷಿಯಲ್ ಮೀಡಿಯಾ ವಿಷಯ ಸಣ್ಣದು ಅನ್ಕೋಬೇಡಿ. ಗುಜರಾತಿನ ಹಾಲು ಉತ್ಪಾದಕರ ಅಮುಲ್ ಹೆಸರನ್ನ ಕೆನಡಾದಲ್ಲಿ ಕೆಲವರು ಲಿಂಕ್ಡ್‌ಇನ್ ಪೇಜಲ್ಲಿ ತಮ್ಮದೇ ಅನ್ನೋ ಹಾಗೆ ಬಳಸಿದ್ದರು. ಅಮುಲ್ ಅಲ್ಲಿನ ಫೆಡರಲ್ ಕೋರ್ಟಿಗೆ ಹೋಗಿ 2021ರಲ್ಲಿ ಗೆದ್ದಿತು. ಬಳಕೆ ನಿಲ್ಲಿಸಿ, ಪರಿಹಾರ ಮತ್ತು ಕೋರ್ಟ್ ಖರ್ಚು ಸೇರಿ 32,733 ಕೆನಡಾ ಡಾಲರ್ ಕೊಡಿ ಅಂತ ತೀರ್ಪಾಯಿತು. ರೈತರ ಸಂಸ್ಥೆಯೂ ಹೊರದೇಶದಲ್ಲಿ ತನ್ನ ಹೆಸರು ಉಳಿಸ್ಕೋಬಹುದು ಅನ್ನೋದಕ್ಕೆ ಇದು ಸಾಕ್ಷಿ.

ಬಳಸದೆ ಬಿಟ್ಟ ಹೆಸರು ಬೀಳು ಬಿಟ್ಟ ಹೊಲ

ರಿಜಿಸ್ಟರ್ ಮಾಡಿಸಿ ಮಾಲು ಕಳಿಸದೆ ಕೂತರೆ ಹಕ್ಕು ಹೋಗುತ್ತೆ. ಯುರೋಪ್, ಬ್ರಿಟನ್‌ನಲ್ಲಿ ಐದು ವರ್ಷ, ಚೀನಾ, ಜಪಾನಲ್ಲಿ ಮೂರು ವರ್ಷ ಬಳಸದಿದ್ರೆ ಬೇರೆಯವರು ರದ್ದು ಮಾಡಿಸಬಹುದು. ಐಟಿಸಿ ಕಂಪನಿ ದೆಹಲಿಯ ತನ್ನ ಪ್ರಸಿದ್ಧ 'ಬುಖಾರಾ' ಹೋಟೆಲಿನ ಹೆಸರನ್ನ 1987ರಲ್ಲೇ ಅಮೆರಿಕದಲ್ಲಿ ರಿಜಿಸ್ಟರ್ ಮಾಡಿಸಿತ್ತು. ಅಲ್ಲಿನ ಹೋಟೆಲ್‌ಗಳು 1990ರ ದಶಕದಲ್ಲಿ ನಿಂತುಹೋದವು. ಆಮೇಲೆ ನ್ಯೂಯಾರ್ಕಲ್ಲಿ ಬೇರೆಯವರು ಅದೇ ಹೆಸರಲ್ಲಿ ಶುರು ಮಾಡಿದಾಗ ಐಟಿಸಿ ಕೇಸು ಹಾಕಿತು. ನೀವು ಹೆಸರನ್ನ ಕೈಬಿಟ್ಟಿದ್ದೀರಿ ಅಂತ 2007ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಹೇಳಿತು.

ಅದಕ್ಕೇ 'ಮುಂದೆ ಬೇಕಾಗಬಹುದು' ಅಂತ ಹತ್ತು ದೇಶ ಟಿಕ್ ಮಾಡಬೇಡಿ. ಎರಡು ವರ್ಷದಲ್ಲಿ ಮಾಲು ಹೋಗೋದು ಖಾತ್ರಿ ಇರೋ ಒಂದೆರಡು ದೇಶ ಸಾಕು. ಅಂತರರಾಷ್ಟ್ರೀಯ ರಿಜಿಸ್ಟ್ರೇಷನ್‌ಗೆ ಮುಂದೆ ಹೊಸ ದೇಶ ಸೇರಿಸೋ ಅವಕಾಶ ಇದ್ದೇ ಇದೆ. ಕಳಿಸಿದ ಪ್ರತಿ ಲೋಡಿನ ಇನ್‌ವಾಯ್ಸ್, ಲೇಬಲ್ ಫೋಟೋ, ಅಂಗಡಿಯ ಶೆಲ್ಫ್ ಫೋಟೋ ದಿನಾಂಕ ಸಮೇತ ಒಂದು ಫೋಲ್ಡರಲ್ಲಿ ಇಟ್ಕೊಳ್ಳಿ. ಬಳಕೆಗೆ ಸಾಕ್ಷಿ ಅದೇ.

ಜಿಐ ಹೆಸರಿಗೆ ಕೈ ಹಾಕಬೇಡಿ

ಬ್ಯಾಡಗಿ ಮೆಣಸಿನಕಾಯಿ, ಬೆಂಗಳೂರು ಗುಲಾಬಿ ಈರುಳ್ಳಿ, ನಂಜನಗೂಡು ರಸಬಾಳೆ ಇವೆಲ್ಲ ಜಿಐ ಪಡೆದ ಹೆಸರುಗಳು. ಇವು ಆ ಪ್ರದೇಶದ ಬೆಳೆಗಾರರೆಲ್ಲರ ಸೊತ್ತು. ಇಂಥ ಹೆಸರನ್ನ ಒಬ್ಬರ ಟ್ರೇಡ್‌ಮಾರ್ಕ್ ಮಾಡೋಕೆ ನಮ್ಮ ಜಿಐ ಕಾನೂನು ಬಿಡಲ್ಲ. ಜಿಐ ಬಳಕೆದಾರರಾಗಿ ನೋಂದಣಿ ಮಾಡಿಸ್ಕೊಂಡು, ಅದರ ಪಕ್ಕದಲ್ಲಿ ನಿಮ್ಮ ಸ್ವಂತ ಬ್ರ್ಯಾಂಡ್ ಹೆಸರು ಹಾಕಿ. ಎರಡೂ ಬೇರೆ ಬೇರೆ ಹಕ್ಕು, ಎರಡಕ್ಕೂ ಬೆಲೆ ಇದೆ.

ಈ ವಾರ ಮಾಡೋ ಕೆಲಸ

ಖರ್ಚಿಲ್ಲದ ಮೂರು ಕೆಲಸ ಇವತ್ತೇ ಆಗುತ್ತೆ. ನಿಮ್ಮ ಬ್ರ್ಯಾಂಡ್ ಹೆಸರನ್ನ ಭಾರತದ ಸರ್ಚಲ್ಲೂ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸಲ್ಲೂ ಹುಡುಕಿ. ಭಾರತದ ಅರ್ಜಿ ಈಗಾಗಲೇ ಹಾಕಿದ್ರೆ ಅದು ಯಾರ ಹೆಸರಲ್ಲಿದೆ, ಯಾವ ವರ್ಗದಲ್ಲಿದೆ, ಆರು ತಿಂಗಳು ಯಾವಾಗ ಮುಗಿಯುತ್ತೆ ನೋಡಿ. ವಿದೇಶದಿಂದ ಯಾರಾದ್ರೂ ಮಾತಾಡ್ತಿದ್ರೆ ಮೇಲಿನ ಮೂರು ಸಾಲನ್ನ ಇಮೇಲಲ್ಲಿ ಕಳಿಸಿ, ಒಪ್ಪಿಗೆ ಬರವಣಿಗೆಯಲ್ಲಿ ತರಿಸ್ಕೊಳ್ಳಿ. ಅರ್ಜಿ ಹಾಕೋ ಹಂತಕ್ಕೆ ಬಂದಾಗ ಟ್ರೇಡ್‌ಮಾರ್ಕ್ ಏಜೆಂಟ್ ಅಥವಾ ವಕೀಲರ ಸಹಾಯ ಪಡೀರಿ. ನಾನು ಓದಿದ್ದು ತೋಟಗಾರಿಕೆ, ಕಾನೂನಲ್ಲ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಈಗ ನಿಮಗೆ ಗೊತ್ತಿರುತ್ತೆ.